ಗೋದಲಿಯ ಮೇಲಿನ ಕಣ್ಣು

ಮೇ ೨೬, ಸೋಮವಾರ

ಸೊಸೆ ರೋಹಿಣಿ ಇವತ್ತು ದನದ ಕೊಟ್ಟಿಗೆಗೆ ಕಣ್ಣು ಹಾಕಿಸಿದಳು. ಕ್ಯಾಮೆರಾ. ಒಂದಲ್ಲ, ಪ್ರತಿ ಆಕಳು ಮೇವು ತಿನ್ನುವ ಗೋದಲಿಯ ಮೇಲೆ ಒಂದೊಂದು. ಕಬ್ಬಿಣದ ಪೈಪಿಗೆ ಬಾವಲಿಗಳ ಹಾಗೆ ತಲೆ ಕೆಳಗೆ ಮಾಡಿ ಜೋತು ಬಿದ್ದಿವೆ. ಹುಬ್ಬಳ್ಳಿಯ ಕಂಪನಿಯವರು ನಮ್ಮೂರಲ್ಲಿ ಪರೀಕ್ಷೆಗೆ ಅಂತ ನಾಲ್ಕು ಮನೆಗೆ ಪುಕ್ಕಟೆ ಕೊಟ್ಟಿದ್ದಾರೆ. ಹಾಕಲು ಬಂದವನ ಹೆಸರು ಅಕೀಲ್.

"ಅಜ್ಜಿ, ಆಕಳ ಎಷ್ಟ ಮೇವು ತಿಂತು ಅಂತ ಇದು ನೋಡತೈತ್ರಿ. ಹಾಕಿದಾಗ ಒಂದ ಚಿತ್ರ, ತಿನ್ನೂವಾಗ ಘಳಿಗಿಗೊಂದು, ತಿಂದ ಮ್ಯಾಲೆ ಒಂದ ಚಿತ್ರ. ರಾಶಿ ಎಷ್ಟ ಕರಗಿತು ಅನ್ನೂದನ್ನ ತಾನ ತಿಳಕೊಂಡು ಅಕ್ಕಾರ ಫೋನಿಗೆ ಹೇಳತೈತಿ."

"ಮೇವು ಬಿಟ್ಟ ಆಕಳ ನೋಡಾಕ ಶಿವ ನನಗೂ ಎರಡ ಕಣ್ಣ ಕೊಟ್ಟಾನಪಾ. ಅವಕ್ಕ ಕರೆಂಟ್ ಬ್ಯಾಡ."

"ನಿಮ್ಮ ಕಣ್ಣಿನ ಪೊರಿ ತೆಗಿಸೀರಂತಲ್ರಿ ಅಜ್ಜಿ. ಇದಕ್ಕ ಪೊರಿ ಬರಂಗಿಲ್ಲ."

ಮಾತು ಬಲ್ಲವನು. ಅವನ ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚು ಹಾಕಿದೆ.

ನಮ್ಮ ಮುದುಕನೂ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಗಂಡನ ಹೆಸರು ಬಾಯಿಂದ ಹೇಳಬಾರದು, ಎದುರಿಗೆ ನಿಂತು ಏಕವಚನವೂ ಆಡಬಾರದು. ಇಲ್ಲಿ ಬರೆದರೆ ಕೇಳುವವರು ಯಾರು? ಮುದುಕ ಎಂದೂ ಯಂತ್ರದ ಗೊಡವೆಗೆ ಹೋಗದವನು. ಇವತ್ತು ಮಾತ್ರ ಎರಡು ಸಲ ಕೇಳಿದ, "ಇದರಾಗ ಏನೇನ ಕಾಣತೈತಿ ತಮ್ಮಾ?" ಗೋದಲಿಯಷ್ಟೇ ಕಾಣುತ್ತದೆ, ಬಾಜೂ ಕೂತವರ ಮುಖ ಕಾಣುವುದಿಲ್ಲ ಅಂತ ಅಕೀಲ್ ಹೇಳಿದ ಮೇಲೆ ಸುಮ್ಮನಾದ. ಎಪ್ಪತ್ತಾರಕ್ಕೆ ಫೋಟೋದ ನಾಚಿಕೆ ನೋಡು.

ಜೂನ್ ೩, ಮಂಗಳವಾರ

ರೊಟ್ಟಿ ಬಡಿಯುವಾಗ ಬಾಜೂ ಮನೆಯ ಖಾಸಿಂಬಿ ಮಜ್ಜಿಗೆಗೆ ಅಂತ ತಂಬಿಗೆ ಹಿಡಿದು ಬಂದಳು.

"ಏನಬೇ ಶಿವಗಂಗವ್ವಾ, ಬಡದ ಬಡಿಯಾಕತ್ತೀಯಲ್ಲ. ಮನ್ಯಾಗ ಲಗ್ನ ಐತೇನ?"

"ನಮ್ಮನಿಯವ್ರಿಗೆ ಹೊತ್ತಿಗೆ ಮೂರು ಬೇಕು. ಅವ್ರ ವಾರಿಗಿಯವ್ರು ಗಂಜಿ ಕುಡಕೋತ ಮೂಲ್ಯಾಗ ಕುಂತಾರ. ಇವ್ರ ತಾಟ ನೋಡ ಹೋಗು, ನೆಕ್ಕಿದಂಗ ಇರತೈತಿ."

"ಕಣ್ಣ ಬಿದ್ದೀತು, ಉಪ್ಪ ಇಳಿಸಿ ಒಗಿ."

"ನಿಂದ ಬಿದ್ದಿರಬೇಕು. ಮತ್ತ್ಯಾರ ಬಂದಾರ ಇಲ್ಲಿ?"

ನಕ್ಕು ಹೋದಳು. ಆದರೆ ನನಗೂ ಒಂದು ವಿಚಾರ ಬರುತ್ತದೆ. ತಿಂದದ್ದು ಎಲ್ಲಿಗೆ ಹೋಗುತ್ತದೆ? ಅಂಗಿ ಗೂಟಕ್ಕೆ ತೂಗುಹಾಕಿದಂತೆ ಮೈಮೇಲೆ ನಿಂತಿದೆ. ಧೋತರ ಮತ್ತೊಂದು ಸುತ್ತು ಬರುತ್ತದೆ. ಮಾತಿಗೊಮ್ಮೆ ಕೆಮ್ಮು, ಧ್ವನಿಯೂ ಒಡೆದಿದೆ. ತಂಬಾಕು ಉಗುಳಿ ಬರ್ರಿ ಅಂದರೆ, ಬಿಟ್ಟು ತಿಂಗಳುಗಳಾದವು ಅನ್ನುತ್ತಾನೆ. ಸುಳ್ಳ. ತಂಬಾಕು ಬಿಟ್ಟ ಗಂಡಸನ್ನು ಈ ಊರಲ್ಲಿ ನಾನು ಕಂಡಿಲ್ಲ.

ಊಟಕ್ಕೆ ಒಳಗೆ ಬಾ ಅಂದರೂ ಬರುವುದಿಲ್ಲ. ಮಗ ಈರೇಶ ಮನೆಯನ್ನು ಹೊಸದು ಮಾಡಿಸಿ ಟೇಬಲ್ಲು ಕುರ್ಚಿ ತಂದ ದಿನದಿಂದ ಮುದುಕನ ತಾಟು ಕೊಟ್ಟಿಗೆಗೇ ಹೋಗುತ್ತದೆ. ಮೊದಲ ತುತ್ತು ಆಕಳಿಗೆ, ಆಮೇಲೆ ತನಗೆ. ಅದು ಅವರ ಅಪ್ಪನ ಕಾಲದ ರೂಢಿ, ನಾನೂ ಬೇಡ ಅಂದವಳಲ್ಲ. ಚಂದ್ರಿ ಅನ್ನುವ ಎಚ್ಚೆಫ್ ತಳಿಯ ಆಕಳ ಬಾಜೂ ಅವನ ಜಾಗ.

ಜೂನ್ ೧೧, ಕಾರಹುಣ್ಣಿಮೆ

ಹೋಳಿಗೆ ಮಾಡಿದ್ದೆ. ಮುದುಕ ಎರಡನ್ನು ತಾಟಿಗೆ ಹಾಕಿಸಿಕೊಂಡು ಕೊಟ್ಟಿಗೆಗೆ ನಡೆದ. ತುಪ್ಪ ಇನ್ನೊಂದಿಷ್ಟು ಹಾಕು ಅಂತ ಬೇರೆ ಹೇಳಿದ.

ಸಂಜೆಗೆ ರೋಹಿಣಿಯ ಫೋನು ಕೂಗಿತು. ನಾಲ್ಕನೇ ನಂಬರಿನ ಆಕಳು ಮೇವು ಬಿಡುತ್ತಿದೆಯಂತೆ. ನಾಲ್ಕು ಅಂದರೆ ಚಂದ್ರಿ. ನಮ್ಮ ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವುದು ಅದೇ, ಕರು ಹಾಕಿ ಎರಡು ತಿಂಗಳೂ ಆಗಿಲ್ಲ. ರೋಹಿಣಿಯ ಮುಖ ಸಣ್ಣದಾಯಿತು. ಈ ಕೊಟ್ಟಿಗೆ ಕಟ್ಟಿದವಳು ಅವಳೇ. ಈರೇಶ ಡೇರಿಯ ಹಾಲಿನ ಗಾಡಿ ಓಡಿಸುತ್ತಾನೆ, ಆಕಳ ಬಾಲ ಯಾವ ಕಡೆಗಿರುತ್ತದೆ ಅಂತ ಅವನಿಗೆ ಗೊತ್ತಿಲ್ಲ.

"ಬಿಸಲಿಗೆ ಬಿಟ್ಟಿರತೈತಿ, ಮಳಿ ಬಂದ್ರ ಸರಿ ಆಗತೈತಿ," ಅಂದೆ.

"ಉಳದ ಆಕಳಿಗೆ ಬಿಸಲಿಲ್ಲೇನ್ರಿ ಅತ್ತಿ?"

ಯಂತ್ರ ಬಂದ ಮೇಲೆ ಇವಳ ನಾಲಿಗೆಯೂ ನನ್ನಂತೆ ಚೂಪಾಗಿದೆ.

ಜೂನ್ ೧೬, ಸೋಮವಾರ

ದನದ ಡಾಕ್ಟರು ಬಂದಿದ್ದರು. ಜ್ವರ ಇಲ್ಲ, ಕೆಚ್ಚಲು ಚೆನ್ನಾಗಿದೆ. ಸೆಗಣಿ ತೆಳ್ಳಗಿದೆ, ಹುಳಿ ವಾಸನೆ. "ಅನ್ನ, ರೊಟ್ಟಿ, ಹೋಳಿಗಿ ಹಾಕೀರೇನ್ರಿ? ಇವಕ್ಕ ಅದು ವಿಷ ಇದ್ದಂಗ. ಹೊಟ್ಯಾಗ ಹುಳಿ ಆಗಿ ಮೇವು ಬಿಡತಾವು."

ಎಲ್ಲರೂ ನನ್ನ ಮುಖ ನೋಡಿದರು. ಮುಂಜಾನೆ ಮೊದಲ ರೊಟ್ಟಿಯನ್ನು ಗೋದಲಿಗೆ ಕೊಡುವವಳು ನಾನು, ಅದೂ ಒಂದೇ ಒಂದು.

"ಅತ್ತಿ, ಇನ್ನ ಮ್ಯಾಲೆ ಅದೂ ಬ್ಯಾಡ್ರಿ," ಅಂದಳು ರೋಹಿಣಿ.

"ಒಂದ ರೊಟ್ಟಿಗೆ ಸಾಯೂ ಆಕಳ ಕಟ್ಟೀಯೇನು? ನಮ್ಮ ಕಾಲಕ್ಕ ದನಕ್ಕ ಕೊಡದ ಯಾರೂ ಉಂಡಿಲ್ಲ."

"ನಿಮ್ಮ ಕಾಲದ ಆಕಳ ಎರಡ ಸೇರು ಹಿಂಡತಿತ್ರಿ."

ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ತವರುಮನೆಯನ್ನೂ ಬಿಡಲಿಲ್ಲ. ಮುದುಕ ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದ, ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೆಂಡತಿಯನ್ನು ಕಳ್ಳಿಯಂತೆ ನಿಲ್ಲಿಸಿದಾಗ ಒಂದು ಮಾತು ಆಡಬಾರದೇ?

ಜೂನ್ ೧೯, ಗುರುವಾರ

ನಾನು ರೊಟ್ಟಿ ಕೊಡುವುದನ್ನು ನಿಲ್ಲಿಸಿ ಮೂರು ದಿನ. ಚಂದ್ರಿ ಇನ್ನೂ ಮೇವು ಬಿಡುತ್ತಿದೆ. ಈಗ ಹೇಳಲಿ.

ಉಳಿದ ಆಕಳು ಜೋಳದ ಕಣಕಿ ಎಳೆದುಕೊಂಡು ತಿನ್ನುವಾಗ ಇದು ಮಾತ್ರ ತಲೆ ಎತ್ತಿ ಅಡುಗೆಮನೆಯ ಬಾಗಿಲು ನೋಡುತ್ತ ನಿಲ್ಲುತ್ತದೆ. ಎರಡೂ ಊಟದ ಹೊತ್ತಿಗೆ. ರೋಹಿಣಿ ಅಕೀಲ್‌ಗೆ ಫೋನು ಮಾಡಿದಳು. ಗೋದಲಿಯಲ್ಲಿ ಮನುಷ್ಯರ ಕೈ ಬಂದರೆ ಯಂತ್ರ ಆ ಚಿತ್ರಗಳನ್ನು ಎಣಿಕೆಗೆ ತೆಗೆದುಕೊಳ್ಳದೆ ಬೇರೆ ಕಡೆ ಒಗೆಯುತ್ತದಂತೆ. ಅವನ್ನು ಹುಡುಕಿ ಕಳಿಸುತ್ತೇನೆ ಅಂದ.

ಕಳಿಸಲಿ. ಕಳ್ಳರು ಯಾರು ಅಂತ ತಿಳಿಯಲಿ.

ಜೂನ್ ೨೦, ಶುಕ್ರವಾರ

ತಿಳಿಯಿತು.

ಫೋನಿನಲ್ಲಿ ನಾಲ್ಕೈದು ಚಿತ್ರ. ಚಂದ್ರಿಯ ಮೂತಿ. ಬಾಜೂ ಒಂದು ಕೈ. ಕಣಕಿ ಕತ್ತರಿಸುವ ಮಷೀನಿಗೆ ಸಿಕ್ಕು ಸೊಟ್ಟಗಾದ ಕಿರುಬೆರಳು. ಕೈಯಲ್ಲಿ ನನ್ನ ರೊಟ್ಟಿ. ಮುಂದಿನ ಚಿತ್ರದಲ್ಲಿ ಇನ್ನೊಂದು ರೊಟ್ಟಿ. ಕೊನೆಯದರಲ್ಲಿ ಖಾಲಿ ತಾಟನ್ನು ಚಂದ್ರಿಯ ನಾಲಿಗೆಯ ಕೆಳಗೆ ಹಿಡಿದಿದ್ದ.

ಮೊದಲು ರೋಹಿಣಿ ನಕ್ಕಳು. "ಅಯ್ಯ, ನಮ್ಮ ಮಾವಾರ ಕೆಲಸ ನೋಡ್ರಿ." ಆಮೇಲೆ ಅವಳ ನಗು ನಿಂತಿತು.

"ಅತ್ತಿ, ಹಂಗಾರ ಮಾವಾರು ಏನ ತಿಂತಾರ್ರಿ?"



ಜೂನ್ ೨೧, ಶನಿವಾರ

ಕೇಳಿದೆ. ಕಟ್ಟೆಯ ಮುಂದೆ ನಿಂತು, ಸೊಸೆ ಮಗ ಇಬ್ಬರ ಎದುರಿಗೆ.

"ಇಳಿಯಂಗಿಲ್ಲಬೇ," ಅಂದ. ಎದೆಯ ನಡುವೆ ಬೆರಳಿಟ್ಟು ತೋರಿಸಿದ. "ಇಲ್ಲೇ ನಿಲ್ಲತೈತಿ. ಚಳಿಗಾಲದಿಂದ."

"ಮತ್ತ ಜೀವ ಹೆಂಗ ಹಿಡಿದೀರಿ?"

"ಹಾಲು, ಮಜ್ಜಿಗಿ, ಚಾ. ಅವು ಇಳಿತಾವು."

"ಬಾಯಿ ಇರಲಿಲ್ಲೇನು ಹೇಳಾಕ?"

"ಹೇಳಿದ್ರ ಹುಬ್ಬಳ್ಳಿಗೆ ಒಯ್ತೀರಿ. ಅಲ್ಲಿ ಏನ ಹೇಳತಾರ ಅನ್ನೂದು ನನಗ ಗೊತ್ತೈತಿ. ನಮ್ಮ ಅಣ್ಣಗೂ ಹಿಂಗ ಆಗಿತ್ತಲ್ಲ. ನೀ ಒಲಿ ಮುಂದ ಖುಷೀಲೆ ಬಡಿಯಾಕತ್ತಿದ್ದಿ. ಇರೂಮಟ ಇರಲಿ ಅಂತ ಬಿಟ್ಟೆ."

ಇರೂಮಟ ಇರಲಿ. ಇರುವಷ್ಟು ದಿನ ಇರಲಿ ಅಂತ ಆರು ತಿಂಗಳು ನನ್ನನ್ನು ಗೊಂಬೆಯಂತೆ ಒಲೆ ಮುಂದೆ ಕೂರಿಸಿದ. ಊರ ತುಂಬ ಹೇಳಿಕೊಂಡು ತಿರುಗಿದೆನಲ್ಲ, ನಮ್ಮನಿಯವ್ರು ಹೊತ್ತಿಗೆ ಮೂರು ತಿಂತಾರ ಅಂತ. ರೊಟ್ಟಿ ಚಂದ್ರಿಗೆ, ಪಲ್ಯೆ ತಿಪ್ಪೆಗೆ. ತಿಪ್ಪೆಯ ಮೂಲೆಯಲ್ಲಿ ನನ್ನ ಪುಂಡಿಪಲ್ಯೆ ಒಣಗಿ ಬಿದ್ದದ್ದನ್ನು ಸಂಜೆ ಹೋಗಿ ಕಣ್ಣಾರೆ ನೋಡಿ ಬಂದೆ.

ನಾನು ಆ ಮನುಷ್ಯನ ಜೋಡಿ ಮಾತಾಡುವುದಿಲ್ಲ.

ಜೂನ್ ೨೮, ಶನಿವಾರ

ಹುಬ್ಬಳ್ಳಿ. ದವಾಖಾನೆಯಲ್ಲಿ ಆ ಮನುಷ್ಯನ ಗಂಟಲೊಳಗೂ ಒಂದು ಕ್ಯಾಮೆರಾ ಇಳಿಸಿದರು. ಅನ್ನ ಇಳಿಯುವ ನಳಿಗೆಯಲ್ಲಿ ಗಂಟು. ಲಿವರಿಗೂ ಹಬ್ಬಿದೆಯಂತೆ. ಆಪರೇಶನ್ ಮಾಡಲು ಬರುವುದಿಲ್ಲ. ಹೊಟ್ಟೆಗೆ ತೂತು ಮಾಡಿ ನಳಿಗೆ ಹಾಕಿದರೆ ಹಾಲು ಗಂಜಿ ಬಿಡಬಹುದು, ಇರುವಷ್ಟು ದಿನ ಹಸಿವೆಯಿಂದ ನರಳುವುದಿಲ್ಲ ಅಂದರು.

ಈರೇಶ ಗೋಡೆಗೆ ಮುಖ ಮಾಡಿ ಅತ್ತ. "ಯವ್ವಾ, ನೀ ಹೇಳು. ಯಪ್ಪಾ ನಳಿಗಿ ಬ್ಯಾಡ ಅಂತಾನ. ನಿನ್ನ ಮಾತ ಕೇಳತಾನ."

ಮಾತು ಬಿಟ್ಟೆ ಅಂದಿದ್ದೆನಲ್ಲ, ಆದರೂ ಹೋಗಿ ಮಂಚದ ಬಾಜೂ ನಿಂತೆ. "ಹಾಕಿಸ್ಕೊಳ್ರಿ," ಅಂದೆ. ಅಷ್ಟೇ. ಹಾಕಿಸಿಕೊಂಡ.

ಜುಲೈ ೧೨, ಶನಿವಾರ

ಮನೆಗೆ ಬಂದು ವಾರವಾಯಿತು. ಪಡಸಾಲೆಯಲ್ಲಿ ಮಂಚ. ರೋಹಿಣಿ ಗಂಜಿ ಸೋಸಿ, ದೊಡ್ಡ ಸಿರಿಂಜಿಗೆ ತುಂಬಿ, ನಳಿಗೆಗೆ ನಿಧಾನ ಬಿಡುತ್ತಾಳೆ. ಬಾಯಿಯ ಮುಂದೆ ಹಾದು ಹೋಗುವ ಗಂಜಿಯನ್ನು ಆ ಮನುಷ್ಯ ಕಣ್ಣಿನಿಂದ ಹಿಂಬಾಲಿಸುತ್ತಾನೆ. ನಾನು ಅಡುಗೆಮನೆಯ ಬಾಗಿಲಿಗೆ ನಿಂತು ನೋಡುತ್ತೇನೆ. ಒಳಗೆ ಹೋಗುವುದಿಲ್ಲ.

ಚಂದ್ರಿ ಈಗ ಚೆನ್ನಾಗಿ ತಿನ್ನುತ್ತದೆ. ಫೋನಿನಲ್ಲಿ ಹಸಿರು ಗುರುತು ಬರುತ್ತದಂತೆ. ಈ ಮನೆಯಲ್ಲಿ ಒಂದು ಜೀವವಾದರೂ ಸುಧಾರಿಸಿತು.

ಒಲೆ ಹೊತ್ತಿಸಿಲ್ಲ. ಈರೇಶ ಗುಡಗೇರಿ ಸಂತೆಯಿಂದ ಖಡಕ್ ರೊಟ್ಟಿಯ ಕಟ್ಟು ತರುತ್ತಾನೆ. ರೋಹಿಣಿ ದಿನಾ ಕೇಳುತ್ತಾಳೆ, "ನೀವು ಉಂಡ್ರೇನ್ರಿ ಅತ್ತಿ?" ನನ್ನ ಹೊಟ್ಟೆಯ ಉಸಾಬರಿ ಇವಳಿಗೇಕೆ? ಅದರ ಮೇಲೂ ಒಂದು ಕ್ಯಾಮೆರಾ ಹಾಕು ಅಂದೆ. ಅವಳು ನಗಲಿಲ್ಲ.

ಜುಲೈ ೨೯, ಪಂಚಮಿ

ಶೇಂಗಾ ಉಂಡಿ ಕಟ್ಟಿದೆ, ಹಬ್ಬ ಅಂತ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇದೆ. ಖಾಸಿಂಬಿಗೆ ಅರ್ಧ ಕೊಟ್ಟೆ. ಅವಳು ಮಂಚದ ಬಾಜೂ ಕೂತು, "ಕುಬೇರಪ್ಪಣ್ಣಾ, ನೀ ಎದ್ದ ಕುಂತರ ನಾ ಉಂಡಿ ಮುಟ್ಟತೇನಿ ನೋಡು," ಅಂದಳು. ಅವರು ಕೈ ಎತ್ತಿ ತಿನ್ನು ಅನ್ನುವಂತೆ ಸನ್ನೆ ಮಾಡಿದರು. ಕೈ ಎತ್ತಿದ್ದು ಮೊಣಕೈತನಕ ಮಾತ್ರ.

ಅವಳು ಹೊರಗೆ ಬಂದು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಮಾತ ಬಿಟ್ಟೀಯಂತ. ಹೌದೇನು?"

"ಯಾರ ಹೇಳಿದ್ರು?"

"ಯಾರ ಹೇಳಬೇಕಬೇ, ನಿನ್ನ ದನಿ ನಮ್ಮ ಮನಿಗೆ ಕೇಳದ ತಿಂಗಳಾತು. ನಮ್ಮ ಕೋಳಿ ಸೈತ ಹೊತ್ತಿಗೆ ಸರಿಯಾಗಿ ಏಳವಲ್ಲವು."

"ಆರ ತಿಂಗಳ ನನ್ನ ಕೈ ರೊಟ್ಟಿ ಒಂದ ತುತ್ತರ ಬಾಯಿಗೆ ಹಾಕಲಿಲ್ಲ ಖಾಸಿಂಬಿ. ಒಂದ ತುತ್ತು. ರುಚಿ ನೋಡಲಿಲ್ಲ. ತಾಟ ತಗೊಂಡು ಹೋಗಿ ಆಕಳಿಗೆ ಸುರುವಿದ್ರು. ಜಡ್ಡು ಬಂತು, ಅದು ಶಿವನ ಕೆಲಸ, ಅದಕ್ಕ ನಾ ಏನೂ ಅನ್ನಂಗಿಲ್ಲ. ಇದಕ್ಕ ಏನ ಅನ್ನಲಿ?"

ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಕಣ್ಣಿಗೆ ಶೇಂಗಾದ ಹೊಟ್ಟು ಬಿದ್ದಿತ್ತು.

ಸಂಜೆ ಅವರು ಕೊಟ್ಟಿಗೆಗೆ ಒಯ್ಯಿ ಅಂತ ಕೈ ಮಾಡಿ ಕೇಳಿದರು. ಮಳೆ ಬರುತ್ತದೆ ಅಂತ ರೋಹಿಣಿ ಬೇಡ ಅಂದಳು. ನಾನು ಒಳಗೆ ಹೋಗಿ ಉಂಡಿಯ ಡಬ್ಬಿ ಮುಚ್ಚಿಟ್ಟೆ.

ಆಗಸ್ಟ್ ೫, ಮಂಗಳವಾರ

ಪೈಪಿನ ಒಂದು ಕ್ಯಾಮೆರಾಕ್ಕೆ ನೀರು ಹೊಕ್ಕಿದೆ ಅಂತ ಅಕೀಲ್ ಬಂದಿದ್ದ. ಮೊದಲು ಮಂಚದ ಹತ್ತಿರ ಹೋಗಿ ಅವರ ಕಾಲು ಮುಟ್ಟಿದ. ಆಮೇಲೆ ಕೊಟ್ಟಿಗೆಯ ಕೆಲಸ ಮುಗಿಸಿ, ಗೋದಲಿಯಲ್ಲಿ ಕೈ ಬಂದರೆ ಇನ್ನು ಫೋನು ಕೂಗುವ ಹಾಗೆಯೂ ಮಾಡಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಅಂದ:

"ಅಜ್ಜಿ, ಆ ಕೈ ಬಂದ ಹೊತ್ತಿನ ಚಿತ್ರ ನಮಗ ಉಪಯೋಗ ಇಲ್ರಿ. ಅಳಿಸಿ ಬಿಡ್ರಿ ಅಂತ ಆಫೀಸಿನ್ಯಾಗ ಹೇಳ್ಯಾರ. ನಿಮ್ಮನ್ನ ಕೇಳದ ಅಳಸಾಕ ಮನಸ್ಸಾಗಲಿಲ್ಲ."

"ಎಲ್ಲಾ ಅದಾವ?"

"ಎಲ್ಲಾ ಅದಾವ್ರಿ. ಕ್ಯಾಮೆರಾ ಹಾಕಿದ ದಿನದಿಂದ."

ತೋರಿಸು ಅಂದೆ. ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿಟ್ಟ. ಒಂದು ಗುಂಡಿ ತೋರಿಸಿ, ಇದನ್ನು ಒತ್ತಿದರೆ ಮುಂದಿನದು ಬರುತ್ತದೆ ಅಂದ. ಅವನು ಕೈ ತೊಳೆಯಲು ಎದ್ದು ಹೋದ. ನಾನು ಒತ್ತುತ್ತ ಹೋದೆ.

ಜೂನಿನಲ್ಲಿ ಫೋನಿಗೆ ಬಂದವು ಊಟದ ಕಡೆಯ ಚಿತ್ರಗಳು. ಇವು ಮೊದಲಿನಿಂದ ಇವೆ. ಗೋದಲಿಯ ಅಂಚಿಗೆ ತಾಟು. ಸೊಟ್ಟ ಬೆರಳಿನ ಕೈ ರೊಟ್ಟಿ ಮುರಿಯುತ್ತದೆ, ಸಣ್ಣ ತುಂಡು, ಕೂಸಿಗೆ ಕೊಡುವಷ್ಟು. ಪಲ್ಯೆಯಲ್ಲಿ ಅದ್ದುತ್ತದೆ. ಮುಂದಿನ ಚಿತ್ರದಲ್ಲಿ ಕೈ ಇಲ್ಲ. ತಾಟು ಇದೆ, ಚಂದ್ರಿ ಇದೆ, ಕೈ ಮೇಲೆ ಹೋಗಿದೆ, ಕ್ಯಾಮೆರಾಕ್ಕೆ ಕಾಣದ ಕಡೆ. ಅದರ ಮುಂದಿನದರಲ್ಲೂ ಇಲ್ಲ. ಅದರ ಮುಂದೆ ಚಿತ್ರದ ಒಂದು ಮೂಲೆಯಲ್ಲಿ ಧೋತರ ಮುಂದಕ್ಕೆ ಬಾಗಿದೆ, ಇನ್ನೊಂದು ಕೈ ಗೋದಲಿಯ ಕಟ್ಟೆಯನ್ನು ಗಟ್ಟಿ ಹಿಡಿದಿದೆ. ಆಮೇಲೆ ಬಲಗೈ ಕೆಳಗೆ ಬರುತ್ತದೆ. ಅದೇ ತುಂಡು, ಒದ್ದೆಯಾಗಿ, ಮುಷ್ಟಿಯಲ್ಲಿ.

ಮಾರನೆಯ ದಿನದ್ದು ಒತ್ತಿದೆ. ಹಾಗೇ. ಅದರ ಮಾರನೆಯ ದಿನದ್ದೂ ಹಾಗೇ. ಒಂದು ದಿನ ತುಂಡು ಇನ್ನೂ ಸಣ್ಣದು. ಒಂದು ದಿನ ಮಜ್ಜಿಗೆಯಲ್ಲಿ ನೆನೆಸಿದ್ದು. ಕಾರಹುಣ್ಣಿಮೆಯ ದಿನ ಹೋಳಿಗೆಯನ್ನು ತುಪ್ಪದಲ್ಲಿ ಕಿವುಚಿ ಕಿವುಚಿ ಮೇಲೆ ಒಯ್ದ ಕೈ ಮೂರು ಸಲ ಕೆಳಗೆ ಬಂತು. ಪ್ರತಿ ಊಟಕ್ಕೂ, ಮೊದಲು ಬಾಯಿಗೆ. ಆಗದಿದ್ದ ಮೇಲೆ ಚಂದ್ರಿಗೆ.

ಅಕೀಲ್ ಬಂದು ಬಾಜೂ ನಿಂತಿದ್ದ. "ಅಳಸಲೇನ್ರಿ ಅಜ್ಜಿ?"

"ನಿನ್ನ ಕಂಪನಿಗೆ ಬ್ಯಾಡಾದ್ರ ನನಗ ಬೇಕು," ಅಂದೆ.

ಹೋಗಿ ಮಂಚದ ಬಾಜೂ ಕೂತೆ. ಅವರು ಕಣ್ಣು ತೆರೆದು ನೋಡಿದರು. ಬೈಯಲು ಬಂದಿದ್ದೇನೆ ಅಂತ ತಿಳಿದಿರಬೇಕು, ಮುಖ ಸಿದ್ಧ ಮಾಡಿಕೊಂಡರು. ನನಗೆ ಬೈಗುಳ ಒಂದೂ ನೆನಪಾಗಲಿಲ್ಲ. ಹೊದಿಕೆ ಸರಿ ಮಾಡಿ ಎದ್ದು ಬಂದೆ.

ಆಗಸ್ಟ್ ೬, ಬುಧವಾರ

ಮುಂಜಾನೆ ಒಲೆ ಹೊತ್ತಿಸಿದೆ. ಕಟ್ಟಿಗೆ ತಂಪು ಹಿಡಿದು ಹೊಗೆ ಬಹಳ. ಹಿಟ್ಟಿಗೆ ಕುದಿನೀರು ಹಾಕಿ ನಾದುವಾಗ ಕೈಗೆ ರೂಢಿ ತಪ್ಪಿದ್ದು ತಿಳಿಯಿತು, ಮೊದಲನೆಯದು ಅಂಚು ಒಡೆಯಿತು. ಅದನ್ನು ನಾನೇ ತಿಂದೆ. ಆಮೇಲೆ ಮೂರು ಬಡಿದೆ, ಮೂರೂ ಉಬ್ಬಿದವು.

ಸಪ್ಪಳ ಕೇಳಿ ರೋಹಿಣಿ ಬಂದಳು. "ಯಾರಿಗ್ರಿ ಅತ್ತಿ?"

"ನಿಮ್ಮ ಮಾವಗ."

ನನ್ನ ಮುಖ ನೋಡಿದಳು. ಅವರ ತಾಟು ತೊಳೆದು ತಂದಳು. ಇಬ್ಬರೂ ಎರಡು ಕಡೆ ಹಿಡಿದು ಅವರನ್ನು ಕೊಟ್ಟಿಗೆಗೆ ನಡೆಸಿದೆವು. ನಡೆಸುವುದೇನು, ಎತ್ತಿಕೊಂಡು ಹೋದ ಹಾಗೆಯೇ. ಕಟ್ಟೆಗೆ ಕೌದಿ ಹಾಸಿ ಕೂರಿಸಿ, ಬೆನ್ನಿಗೆ ನಾನು ನಿಂತೆ. ಚಂದ್ರಿ ಕಣಕಿ ಬಿಟ್ಟು ಮೂತಿ ಎತ್ತಿತು.

ತಾಟು ತೊಡೆಯ ಮೇಲಿಟ್ಟೆ. ಅವರು ರೊಟ್ಟಿ ನೋಡಿದರು, ತಿರುಗಿ ನನ್ನನ್ನು ನೋಡಿದರು. ಧ್ವನಿ ಇಲ್ಲ, ಬರೀ ಗಾಳಿ. "ಇಳಿಯಂಗಿಲ್ಲಬೇ."

"ನಿಮಗ ಯಾರ ಕೊಟ್ರು? ಚಂದ್ರಿಗೆ ಹಾಕ್ರಿ. ಕದ್ದ ಹಾಕತಿದ್ರಲ್ಲ, ಇವತ್ತ ನನ್ನ ಎದುರಿಗೆ ಹಾಕ್ರಿ."

ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವತನಕ ರೋಹಿಣಿ ಎದೆ ಸವರಿದಳು. ಆಮೇಲೆ ಒಂದು ತುಂಡು ಮುರಿದು ಮೂಗಿನ ಹತ್ತಿರ ಒಯ್ದರು. ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಜ್ವಾಳ ಬದಲೀ ಮಾಡೀಯೇನ?"

"ಹೂಂ. ನವಲಗುಂದದ್ದು. ಈರೇಶ ತಂದ."

"ಚಲೋ ಐತಿ."

ಚಂದ್ರಿ ನಾಲಿಗೆ ಚಾಚಿ ತುಂಡಿನ ಜೋಡಿ ಅವರ ಅಂಗೈಯನ್ನೂ ಒರೆಸಿಕೊಂಡು ಹೋಯಿತು. ರೋಹಿಣಿಯ ಫೋನು ಕೂಗಿತು, ಗೋದಲಿಯಲ್ಲಿ ಕೈ ಬಂದಿದೆ ಅಂತ. ಅವಳು ನೋಡಿ, ಅದರ ಬಾಯಿ ಮುಚ್ಚಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದನದ ಡಾಕ್ಟರು ಬೈದಾರು," ಅಂದೆ.

"ಬೈಲಿ ಬಿಡ್ರಿ ಅತ್ತಿ."

ಒಂದು ರೊಟ್ಟಿ ಮುಗಿಯಿತು. ಎರಡನೆಯದರ ತುಂಡುಗಳು ದೊಡ್ಡವಾದವು, ಮುರಿಯುವ ಶಕ್ತಿ ಇರಲಿಲ್ಲ. ಮೂರನೆಯದಕ್ಕೆ ಅವರ ಕೈ ದಣಿದು ತಾಟಿನ ಅಂಚಿನ ಮೇಲೆ ನಿಂತುಬಿಟ್ಟಿತು.

ಉಳಿದದ್ದನ್ನು ನಾನು ಹಾಕಿದೆ.